ಕ್ಯಾಬಿನೆಟ್ ಯಾರ ಮನೆಗೆ

ಫೆಬ್ರವರಿ 9, ಭಾನುವಾರ

ಸೊಳ್ಳೆಯ ಅಪ್ಪನಿಗೆ,

ಏನಂತ ಕರೆಯುವುದು ಎಂದು ಗೊತ್ತಾಗದೆ ಒಂದು ಹಾಳೆ ಹರಿದು ಹಾಕಿದೆ. ಇದು ಪರವಾಗಿಲ್ಲ, ಇದರಲ್ಲಿ ಸುಳ್ಳಿಲ್ಲ. 'ನೀವು' ಅಂತ ಬರೆಯುತ್ತಿರುವುದಕ್ಕೆ ಬೇರೆ ಅರ್ಥ ಹುಡುಕಬೇಡಿ. ಎದುರಿಗೆ 'ನೀನು' ಅಂದು ಅಭ್ಯಾಸ, ಆದರೆ ಕಾಗದದ ಮೇಲೆ ಅದು ಜಗಳದ ಹಾಗೆ ಕಾಣುತ್ತದೆ.

ಫೋನು ಮಾಡಿದರೆ ನಾವು ಮೂರನೇ ಮಾತಿಗೆ ಕಿತ್ತಾಡುತ್ತೇವೆ. ಮೆಸೇಜಿನಲ್ಲಿ ನೀವು ಬರೀ 'ಸರಿ' ಅಂತ ಕಳಿಸುತ್ತೀರಿ, ಆ ಸರಿ ಎಂಥ ಸರಿ ಅಂತ ನಾನು ದಿನವಿಡೀ ತಲೆ ಕೆಡಿಸಿಕೊಳ್ಳುತ್ತೇನೆ. ಹೇಗೂ ಭಾನುವಾರ ಬಂತೆಂದರೆ ಮಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಬ್ಯಾಗು ಹೊತ್ತು ಹೊರಡುತ್ತಾಳೆ. ಇದನ್ನೂ ಹೊರಲಿ. ಲಕೋಟೆಗೆ ನಮ್ಮ ಹಲ್ಲಿನ ಸೆಟ್ ಮಾಡುವ ಲ್ಯಾಬಿನ ಟೇಪ್ ಸುತ್ತಿದ್ದೇನೆ. ಬಿಚ್ಚಿದ್ದರೆ ಗೊತ್ತಾಗುತ್ತದೆ.

ವಿಷಯ ಕಂಪ್ಯೂಟರಿನದು. ನಾವಿಟ್ಟ ಅಡ್ಡಹೆಸರಿಗೆ ತಕ್ಕ ಹಾಗೆ ಸೊಳ್ಳೆ ಎರಡು ತಿಂಗಳಿಂದ ನನ್ನ ಕಿವಿಯ ಪಕ್ಕ ಗುಂಯ್‌ಗುಡುತ್ತಿದ್ದಾಳೆ. ನಿಮ್ಮ ಕಿವಿಯನ್ನೂ ಬಿಟ್ಟಿರಲಿಕ್ಕಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಚಿಕ್ಕ ವಿಡಿಯೊ ಎಡಿಟ್ ಮಾಡಿ ಸೇವ್ ಒತ್ತಿದರೆ, ಅವಳು ಸ್ನಾನ ಮುಗಿಸಿ ತಲೆ ಒಣಗಿಸಿಕೊಂಡು ಬಂದರೂ ಅದು ಇನ್ನೂ ಏದುಸಿರು ಬಿಡುತ್ತಿರುತ್ತದೆ. ಎಡಿಟಿಂಗ್ ಕೋರ್ಸಿಗೆ ಸೇರಬೇಕಾದರೆ ಮೇ ಕೊನೆಯೊಳಗೆ ತಾನೇ ಮಾಡಿದ ಕಿರುಚಿತ್ರ ಒಂದನ್ನು ಕಳಿಸಬೇಕಂತೆ. ಗೇಮ್ ಆಡುವುದೂ ಅಷ್ಟೇ ಮುಖ್ಯ ಅಂತ ಅವಳ ವಾದ. "ಎಡಿಟಿಂಗ್ ಹೊಟ್ಟೆಪಾಡಿಗೆ, ಗೇಮು ತಲೆ ತಣ್ಣಗಿರೋದಕ್ಕೆ" ಅಂದಳು. ಇನ್ನೂ ಒಂದು ಕಾಸು ದುಡಿಯದವಳು ಹೊಟ್ಟೆಪಾಡಿನ ಮಾತಾಡುತ್ತಾಳೆ.

ಜೋಡಿಸಿಟ್ಟದ್ದನ್ನು ಕೊಳ್ಳುವುದಕ್ಕಿಂತ ಬಿಡಿಭಾಗ ತಂದು ನಾವೇ ಜೋಡಿಸಿದರೆ ಅಷ್ಟೇ ದುಡ್ಡಿಗೆ ಒಳ್ಳೆಯದು ಸಿಗುತ್ತದಂತೆ. ಅರ್ಧ ನೀವು, ಅರ್ಧ ನಾನು. ಇದರಲ್ಲಿ ಜಗಳವಿಲ್ಲ ಅಂದುಕೊಂಡಿದ್ದೇನೆ.

ಜಗಳ ಇರುವುದು ಕ್ಯಾಬಿನೆಟ್ಟಿನಲ್ಲಿ, ಅಂದರೆ ಆ ಬಿಡಿಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆಯಲ್ಲಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಹಿಡಿಕೆ ಇರುವ ಪುಟ್ಟ ಪೆಟ್ಟಿಗೆ ಬೇಕು, ಅವಳ ಜೊತೆಗೇ ಓಡಾಡುವಂಥದ್ದು. ಏಪ್ರಿಲಿನಲ್ಲಿ ಅವಳಿಗೆ ಹದಿನೆಂಟು ತುಂಬುತ್ತದೆ. ಆಮೇಲೆ ಯಾರ ಮನೆಯಲ್ಲಿ ಯಾವ ವಾರ ಅಂತ ಕೋರ್ಟು ಹೇಳುವ ಹಾಗಿಲ್ಲ, ಅವಳೇ ಹೇಳುವುದು. ಒಂದು ದೊಡ್ಡ ಕಂಪ್ಯೂಟರ್ ನಿಮ್ಮ ಮನೆಯಲ್ಲಿ ಬೇರು ಬಿಟ್ಟು ಕೂತರೆ ಅವಳು ಏನು ಹೇಳುತ್ತಾಳೆ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು. ನನಗೆ ಅದು ಬೇಡ.

ಇತಿ,
ಸೊಳ್ಳೆಯ ಅಮ್ಮ


ಫೆಬ್ರವರಿ 16, ಭಾನುವಾರ

ಸೊಳ್ಳೆಯ ಅಮ್ಮನಿಗೆ,

ನಾನು 'ನೀನು' ಅಂತಲೇ ಬರೆಯುತ್ತೇನೆ. ನನ್ನ ಕೈಗೆ ಬೇರೆ ಬರುವುದಿಲ್ಲ.

ಟೇಪ್ ಬಿಚ್ಚಲು ಕತ್ತರಿ ಸಾಲದೆ ತಂತಿ ಕತ್ತರಿಸುವ ಇಕ್ಕಳ ತರಬೇಕಾಯಿತು. ಅದರಿಂದ ನೀನು ಹಲ್ಲು ಕೂರಿಸುತ್ತೀಯಾ?

ಗೆಳೆಯನ ಪರಿಚಯದ ಅಂಗಡಿಗೆ ಹೋಗಿದ್ದೆ. ಅಂಗಡಿಯವ ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಬ್ರೇಕ್ ಇಲ್ಲ. ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಗೇಮಿಗೆ ಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಎಡಿಟಿಂಗಿಗೆ ಪ್ರೊಸೆಸರ್ ಗಟ್ಟಿ ಇರಬೇಕು, ರ‍್ಯಾಮ್ ಧಾರಾಳ ಇರಬೇಕು. ಎರಡನ್ನೂ ಒಂದೇ ದುಡ್ಡಿನಲ್ಲಿ ಮಾಡಲು ಹೊರಟವರು ಎರಡು ಕಡೆಯೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಅವನು ಇದನ್ನು ಹೇಳುವಾಗ ನಕ್ಕ. ನಾನು ನಗಲಿಲ್ಲ.

ಕ್ಯಾಬಿನೆಟ್ ವಿಷಯಕ್ಕೆ ಬರುತ್ತೇನೆ. ಗ್ರಾಫಿಕ್ಸ್ ಕಾರ್ಡ್ ನನ್ನ ಮೊಣಕೈಯಿಂದ ಅಂಗೈವರೆಗೆ ಉದ್ದ ಇದೆ. ಕೆಲಸ ಮಾಡುವಾಗ ಒಲೆಯ ಹಾಗೆ ಕಾಯುತ್ತದೆ. ಅದನ್ನು ನಿನ್ನ ಹಿಡಿಕೆ ಪೆಟ್ಟಿಗೆಯಲ್ಲಿ ತುರುಕಿದರೆ ಉಸಿರುಗಟ್ಟುತ್ತದೆ. ನಾನು ಲಿಫ್ಟ್ ರಿಪೇರಿಯವನು. ಎಂಟು ಜನ ಅಂತ ಬರೆದ ಲಿಫ್ಟನ್ನು ಎಂಟೇ ಜನಕ್ಕೆ ಮಾಡಿರುವುದಿಲ್ಲ. ಒಂಬತ್ತನೆಯವ ನುಗ್ಗಿಯೇ ನುಗ್ಗುತ್ತಾನೆ ಅಂತ ಮಾಡಿದವನಿಗೆ ಗೊತ್ತಿರುತ್ತದೆ. ಜಾಗ ಇರಬೇಕು, ಗಾಳಿ ಆಡಬೇಕು, ಪವರ್ ಸಪ್ಲೈ ಬೇಕಾದ್ದಕ್ಕಿಂತ ಹೆಚ್ಚೇ ಇರಬೇಕು. ದೊಡ್ಡ ಕ್ಯಾಬಿನೆಟ್ ಬೇಕು, ದೊಡ್ಡದನ್ನು ಪ್ರತಿ ವಾರ ಬಸ್ಸಿನಲ್ಲಿ ಹೊರುವುದಕ್ಕಾಗುವುದಿಲ್ಲ. ಆದ್ದರಿಂದ ಅದು ಇಲ್ಲೇ ಇರಬೇಕು.

ನೀನು ನೇರವಾಗಿ ಬರೆದೆ, ನಾನೂ ಬರೆಯುತ್ತೇನೆ. ನಿನ್ನ ಮನೆಯಿಂದ ಕಾಲೇಜಿಗೆ ನಡೆದು ಹೋಗಬಹುದು. ನನ್ನ ಮನೆಯಿಂದ ಎರಡು ಬಸ್ಸು. ಮೊದಲು ಭಾನುವಾರ ಬೆಳಿಗ್ಗೆ ಬರುತ್ತಿದ್ದವಳು ಈಗ ಸಂಜೆ ಬರುತ್ತಾಳೆ. ಹೋಗುವುದು ಮಾತ್ರ ಬೆಳಿಗ್ಗೆಯೇ. ಕೇಳಿದರೆ "ಅಪ್ಪ, ಸ್ವಲ್ಪ ಕೆಲಸ ಇದೆ" ಅನ್ನುತ್ತಾಳೆ. ಅವಳು ಬರುವುದಕ್ಕೆ ಇಲ್ಲಿ ಏನಾದರೂ ಇರಬೇಕು. ನಾನೊಬ್ಬ ಇರುವುದು ಸಾಲುತ್ತಿಲ್ಲ.

ಇತಿ,
ಸೊಳ್ಳೆಯ ಅಪ್ಪ


ಫೆಬ್ರವರಿ 23, ಭಾನುವಾರ

ಸೊಳ್ಳೆಯ ಅಪ್ಪನಿಗೆ,

ನಿಮ್ಮ ಕಾಗದದ ಕೊನೆಯ ಸಾಲನ್ನು ಎರಡು ಸಲ ಓದಿದೆ. ಅದನ್ನು ಬಿಟ್ಟು ಮೇಲಿನದಕ್ಕೆ ಬರೆಯುತ್ತೇನೆ.

ಹಲ್ಲಿನ ಸೆಟ್ ಮಾಡುವಾಗ ನಾವು ಮೊದಲು ಬಾಯಿಯ ಅಚ್ಚು ತೆಗೆದುಕೊಳ್ಳುತ್ತೇವೆ. ಇರಲಿ ಅಂತ ಎರಡು ಹಲ್ಲು ಹೆಚ್ಚಿಗೆ ಹಾಕಿ ಕಳಿಸುವುದಿಲ್ಲ. ಹಾಗೆ ಮಾಡಿದರೆ ಆ ಮನುಷ್ಯ ಬಾಯಿ ಮುಚ್ಚಲಾರ. ಅವಳ ಬದುಕಿನ ಅಳತೆ ಏನು? ಎರಡು ಮನೆ, ಒಂದು ಬ್ಯಾಗು. ಆ ಅಳತೆಗೆ ಕಂಪ್ಯೂಟರ್ ಹೊಂದಬೇಕು. ನಿಮ್ಮ ಒಂಬತ್ತನೆಯ ಮನುಷ್ಯ ಯಾರು, ನನಗೆ ಅರ್ಥವಾಗಲಿಲ್ಲ.

ನಾನೂ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಹೆಂಗಸು ಮೊದಲು ಕೇಳಿದ್ದು "ಯಾವ ಗೇಮ್ ಆಡ್ತಾರೆ, ಯಾವ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡ್ತಾರೆ?" ಅಂತ. "ಮಗಳಿಗೆ" ಅಂದೆ. "ಹಾಗಾದರೆ ಮಗಳನ್ನೇ ಕರ್ಕೊಂಡು ಬನ್ನಿ" ಅಂದಳು. ಎಷ್ಟು ಅಹಂಕಾರ ನೋಡಿ. ಆದರೂ ಗೊತ್ತಿದ್ದವಳು. ಗೇಮಿಗೆ ಸಾಕಾದ ರ‍್ಯಾಮ್ ಎಡಿಟಿಂಗಿಗೆ ಸಾಲದು, ಮೊದಲೇ ದುಪ್ಪಟ್ಟು ಹಾಕಿಸಿಬಿಡಿ, ಬಣ್ಣ ಬಣ್ಣದ ದೀಪ ಇರುವ ಫ್ಯಾನಿಗೆ ಮಾತ್ರ ದುಡ್ಡು ಸುರಿಯಬೇಡಿ ಅಂದಳು.

ಹೀಗೆ ಹಂಚಿಕೊಳ್ಳೋಣ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಡಿಸ್ಕ್ ನನ್ನದು. ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ, ಕ್ಯಾಬಿನೆಟ್ ನಿಮ್ಮದು. ಮಾನಿಟರ್ ನಮ್ಮ ಲ್ಯಾಬಿನಲ್ಲಿ ಹಳೆಯದು ಒಂದಿದೆ, ಬಣ್ಣ ಸರಿಯಾಗಿ ತೋರಿಸುತ್ತದೆ. ಹಲ್ಲಿನ ಬಣ್ಣ ನೋಡಿದ್ದೇ ಅದರಲ್ಲಿ. ಆದರೆ ಒಂದು ಮಾತು ನೆನಪಿಡಿ. ಬೋರ್ಡಿನ ಅಳತೆ ಕ್ಯಾಬಿನೆಟ್ಟಿಗೆ ಹೊಂದಬೇಕಂತೆ. ಪುಟ್ಟ ಪೆಟ್ಟಿಗೆಗೆ ಪುಟ್ಟ ಬೋರ್ಡೇ ಬೇಕು. ಅಲ್ಲಿಗೆ ಕ್ಯಾಬಿನೆಟ್ ಯಾವುದು ಅಂತ ತೀರ್ಮಾನ ಆಗುವ ತನಕ ನಾನು ಬೋರ್ಡು ಕೊಳ್ಳುವ ಹಾಗಿಲ್ಲ. ಬೇಗ ಒಪ್ಪಿಕೊಳ್ಳಿ.

ಇತಿ,
ಸೊಳ್ಳೆಯ ಅಮ್ಮ


ಮಾರ್ಚ್ 2, ಭಾನುವಾರ

ಸೊಳ್ಳೆಯ ಅಮ್ಮನಿಗೆ,

ಗ್ರಾಫಿಕ್ಸ್ ಕಾರ್ಡ್ ಕೊಂಡೆ. ಸೆಕೆಂಡ್ ಹ್ಯಾಂಡ್. ಓದುತ್ತಿದ್ದ ಹಾಗೆ ನಿನ್ನ ಹುಬ್ಬು ಮೇಲೆ ಹೋಗಿದ್ದು ಇಲ್ಲಿಂದಲೇ ಕಾಣುತ್ತಿದೆ. ಹೊಸದು ಕೊಂಡರೆ ನಮ್ಮ ದುಡ್ಡಿನಲ್ಲಿ ಚಿಕ್ಕದು ಬರುತ್ತಿತ್ತು. ಅಂಗಡಿಯಲ್ಲೇ ಕೂತು ಒಂದು ಮಧ್ಯಾಹ್ನ ಪೂರ್ತಿ ಓಡಿಸಿ ನೋಡಿದ್ದೇನೆ. ಒಂದು ಫ್ಯಾನ್ ಸ್ವಲ್ಪ ಕಿರುಗುಟ್ಟುತ್ತಿತ್ತು. ಬಿಚ್ಚಿ, ಧೂಳು ತೆಗೆದು, ಒಂದು ತೊಟ್ಟು ಎಣ್ಣೆ ಬಿಟ್ಟೆ. ಈಗ ಸದ್ದಿಲ್ಲ. ಅಂಗಡಿಯವ ನನಗೆ ಕೆಲಸ ಕೊಡುತ್ತೇನೆ ಅಂದ.

ಕ್ಯಾಬಿನೆಟ್ ಒಪ್ಪುವುದಿಲ್ಲ. ಕಿಟಕಿಯ ಪಕ್ಕ ಮೇಜು ಮಾಡಿಸಿಟ್ಟಿದ್ದೇನೆ. ದೊಡ್ಡ ಕ್ಯಾಬಿನೆಟ್ ಅಳತೆ ಹಾಕಿಯೇ ಮಾಡಿಸಿದ್ದು. ಎತ್ತರದ ಕುರ್ಚಿಯನ್ನೂ ತಂದೆ. ಅವಳು ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿ "ಚೆನ್ನಾಗಿದೆ" ಅಂದಳು. ಆಮೇಲೆ ಎದ್ದು ಹೋಗಿ ಸೋಫಾದ ಮೇಲೆ ಕಾಲು ಮಡಿಸಿ ಕೂತು ಲ್ಯಾಪ್‌ಟಾಪ್ ತೆರೆದಳು.

ಯಾವುದು ಬೇಕು ಅಂತ ಒಂದು ಸಲ ಕೇಳಿದೆ, ಸುಳ್ಳು ಹೇಳುವುದಿಲ್ಲ. "ನೀವಿಬ್ರೂ ಮೊದ್ಲು ಮುಗಿಸ್ಕೊಳ್ಳಿ" ಅಂದಳು. ನಿನ್ನ ಹಾಗೇ ಮುಖ ಮಾಡಿ ಅಂದಳು.

ಹಿಂದೆ ಆ ಫ್ರಿಜ್ಜು ತಂದಾಗಲೂ ಹೀಗೇ ಆಗಿತ್ತು. ಬಾಗಿಲು ಕಿರಿದು ಅಂತ ನೀನು, ಫ್ರಿಜ್ಜು ಅಗಲ ಅಂತ ನಾನು. ಕೊನೆಗೆ ಅದು ಮೆಟ್ಟಿಲಲ್ಲೇ ಒಂದು ವಾರ ನಿಂತಿತ್ತು, ಮೇಲಿನ ಮನೆಯವರು ಅದಕ್ಕೆ ಚಪ್ಪಲಿ ಒರಗಿಸುತ್ತಿದ್ದರು. ಈಗ ನೆನೆದರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಇತಿ,
ಸೊಳ್ಳೆಯ ಅಪ್ಪ


ಮಾರ್ಚ್ 23, ಭಾನುವಾರ

ಸೊಳ್ಳೆಯ ಅಪ್ಪನಿಗೆ,

ಎರಡು ವಾರ ಅವಳು ನಿಮ್ಮಲ್ಲಿಗೆ ಬರಲಿಲ್ಲ. ಪರೀಕ್ಷೆ ಅಂತ ನಿಮಗೆ ಹೇಳಿದ್ದಾಳೆ. ಪರೀಕ್ಷೆ ಇದ್ದದ್ದು ನಿಜ, ಆದರೆ ಅದು ಮೊದಲ ಬುಧವಾರವೇ ಮುಗಿದಿತ್ತು. ನಾನು ಅವಳನ್ನು ಹಿಡಿದಿಟ್ಟುಕೊಳ್ಳಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ಖುಷಿಯಾಗಿದ್ದೆ ಅಂತಲೇ ಬರೆಯಬೇಕು. ಸಂಜೆ ಲ್ಯಾಬಿನಿಂದ ಬಂದರೆ ಬಾಗಿಲಲ್ಲಿ ಅವಳ ಶೂ ಇರುತ್ತಿತ್ತು, ಅಷ್ಟು ಸಾಕಿತ್ತು ನನಗೆ.

ಮೊನ್ನೆ ಗುರುವಾರ ಏನೋ ಹುಡುಕುತ್ತಾ ಅವಳ ಡ್ರಾಯರ್ ತೆಗೆದೆ. ನಿಮ್ಮ ಮನೆಯ ಬೀಗದ ಕೈ ಹಳೇ ಪೆನ್ನುಗಳ ಕೆಳಗೆ ಬಿದ್ದಿತ್ತು. "ಇದನ್ನ ಬ್ಯಾಗಲ್ಲಿ ಇಟ್ಕೊಳಲ್ವಾ?" ಅಂದೆ. "ಓ, ಅಲ್ಲಿತ್ತಾ? ಎಲ್ಲೋ ಹೋಯ್ತು ಅಂದ್ಕೊಂಡಿದ್ದೆ" ಅಂದಳು. ಅಷ್ಟೇ. ಮತ್ತೆ ಫೋನು ನೋಡತೊಡಗಿದಳು. ನನಗೆ ಭಯವಾಯಿತು. ಇಷ್ಟು ಸುಲಭವಾಗಿ ಒಂದು ಮನೆಯನ್ನು ಮರೆಯಬಲ್ಲವಳು ಇನ್ನೊಂದನ್ನೂ ಮರೆಯಬಲ್ಲಳು. ನಿಮ್ಮ ಬಗ್ಗೆ ಪಾಪ ಅನ್ನಿಸಿತು ಅಂತ ತಿಳಿಯಬೇಡಿ. ಅನ್ನಿಸಿತು, ಆದರೆ ಮೊದಲು ಅನ್ನಿಸಿದ್ದು ನನ್ನ ಬಗ್ಗೆಯೇ.

ನಿನ್ನೆ ಅಂಗಡಿಗೆ ಹೋಗಿ ಎಲ್ಲ ಕೊಂಡೆ. ಬೋರ್ಡು ದೊಡ್ಡದೇ, ನಿಮ್ಮ ದೊಡ್ಡ ಕ್ಯಾಬಿನೆಟ್ಟಿಗೆ ಸರಿಹೊಂದುವಂಥದ್ದು. ಪ್ರೊಸೆಸರ್ ಅಲ್ಲೇ ಕೂರಿಸಿ ಕೊಟ್ಟರು, ಅದರ ಕಾಲುಗಳು ನಮ್ಮ ಲ್ಯಾಬಿನ ಸೂಜಿಗಳಿಗಿಂತ ಸಣ್ಣ. ಎಲ್ಲವನ್ನೂ ಅವಳ ಬ್ಯಾಗಿನಲ್ಲಿ ಟವೆಲ್ ಸುತ್ತಿ ಇಟ್ಟಿದ್ದೇನೆ. ಕಂಪ್ಯೂಟರ್ ನಿಮ್ಮ ಮನೆಯಲ್ಲೇ ಇರಲಿ. ಕಿಟಕಿಯ ಪಕ್ಕ, ಆ ಮೇಜಿನ ಮೇಲೆ. ಮಾನಿಟರ್ ಲ್ಯಾಬಿನಿಂದ ಮನೆಗೆ ತಂದಿಟ್ಟಿದ್ದೇನೆ, ಮುಂದಿನ ಸಲ ಕಳಿಸುತ್ತೇನೆ.

ಇತಿ,
ಸೊಳ್ಳೆಯ ಅಮ್ಮ


ಮಾರ್ಚ್ 30, ಭಾನುವಾರ

ಸೊಳ್ಳೆಯ ಅಮ್ಮನಿಗೆ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಓದಿ ಕೂತೆ.

ಪುಟ್ಟ ಕ್ಯಾಬಿನೆಟ್ಟು ನಿನ್ನ ಕಾಗದ ಬರುವ ಮೊದಲಿನ ಗುರುವಾರವೇ ಕೊಂಡು ತಂದಿದ್ದೆ. ಹಿಡಿಕೆ ಇರುವುದು. ಕಾರ್ಡಿನ ಉದ್ದ ಅಳೆದು, ಅದು ಹಿಡಿಯುವಂಥದ್ದೇ ಹುಡುಕಿದೆ. ಪವರ್ ಸಪ್ಲೈ ಕೂಡ ಅದಕ್ಕೆ ಹೊಂದುವ ಚಿಕ್ಕದೇ. ಆ ಎರಡು ಭಾನುವಾರ ಸಂಜೆ ಕಿಟಕಿಯ ಪಕ್ಕದ ಖಾಲಿ ಕುರ್ಚಿ ನೋಡಿಕೊಂಡು ಕೂತಿದ್ದಾಗ ನನಗೆ ನಾಚಿಕೆಯಾಗಿತ್ತು. ಕಂಪ್ಯೂಟರಿಗೆ ಕಟ್ಟಿ ಕೂರಿಸಿಕೊಳ್ಳಲು ಅವಳೇನು ಸಾಮಾನಾ? ಅವಳು ಎಲ್ಲಿಗೆ ಬೇಕೋ ಅಲ್ಲಿಗೆ ಒಯ್ಯಲಿ, ನಿನ್ನ ಮನೆಯಲ್ಲೇ ಇಟ್ಟುಕೊಂಡರೂ ಸರಿ ಅಂತ ತೀರ್ಮಾನ ಮಾಡಿದ್ದೆ. ಇದನ್ನು ನಿನಗೆ ಕಾಗದದಲ್ಲಿ ಬರೆಯುವ ಮೊದಲೇ ನಿನ್ನ ದೊಡ್ಡ ಬೋರ್ಡು ಟವೆಲ್ ಸುತ್ತಿಕೊಂಡು ಬಂತು.

ಬೋರ್ಡು ಹಿಡಿಯಲಿಲ್ಲ. ನೇರ ಇಟ್ಟರೂ ಇಲ್ಲ, ಓರೆ ಇಟ್ಟರೂ ಇಲ್ಲ. ಒಂದು ಮುಷ್ಟಿಗಿಂತ ಹೆಚ್ಚೇ ಹೊರಗೆ ಉಳಿಯುತ್ತದೆ. ಒಳಗೆ ಒಂದು ತಗಡಿನ ಅಡ್ಡಗೋಡೆ ಇದೆ, ಅದನ್ನು ತೆಗೆದರೆ ಆದೀತು ಅನ್ನಿಸಿತು. ಕೆಲಸದ ಮಶೀನು ತಂದು ಕೊಯ್ದೆ. ಆಗಲಿಲ್ಲ. ಇನ್ನೊಂದು ಬದಿಯನ್ನೂ ಕೊಯ್ದೆ. ಈಗ ಅದು ಕ್ಯಾಬಿನೆಟ್ ಅಲ್ಲ, ಹಿಡಿಕೆ ಇರುವ ತಗಡು. ಅಂಗಡಿಯವನಿಗೆ ತೋರಿಸಿದೆ. ಅವನು ಮೊದಲ ಸಲ ಮಾತೇ ಆಡಲಿಲ್ಲ.

ನೀನು ಕೊಂಡ ಅಂಗಡಿಗೂ ಫೋನು ಮಾಡಿದೆ, ನಿನ್ನ ಬೋರ್ಡನ್ನೂ ವಾಪಸು ತೆಗೆದುಕೊಳ್ಳುವುದಿಲ್ಲವಂತೆ, ಪ್ರೊಸೆಸರ್ ಕೂರಿಸಿ ಆಗಿದೆ.

ನಾನು ಕೊಯ್ಯುವಾಗ ಸೊಳ್ಳೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು. ಏನು ಅಂತ ಕೇಳುವುದು ನನಗೆ ಯಾವತ್ತೂ ಬಂದಿಲ್ಲ, ನಿನಗೆ ಗೊತ್ತು.

ಇತಿ,
ಸೊಳ್ಳೆಯ ಅಪ್ಪ


ಏಪ್ರಿಲ್ 6, ಭಾನುವಾರ

ಸೊಳ್ಳೆಯ ಅಪ್ಪನಿಗೆ,

ಕೊಯ್ದಿರಾ? ಅದೂ ಎರಡು ಕಡೆ?

ನಾನು ಲ್ಯಾಬಿನಲ್ಲಿ ಇದನ್ನು ಹೇಳಿದೆ. ಮೇಣ ಕರಗಿಸುತ್ತಿದ್ದವಳು ನಕ್ಕು ನಕ್ಕು ಒಂದು ಅಚ್ಚು ಹಾಳು ಮಾಡಿದಳು.

ಈಗ ಹೀಗೆ ಮಾಡೋಣ. ನಾನು ಪುಟ್ಟ ಬೋರ್ಡು ಕೊಳ್ಳುತ್ತೇನೆ, ನೀವು ಪುಟ್ಟ ಕ್ಯಾಬಿನೆಟ್ ಇನ್ನೊಂದು ತನ್ನಿ. ಅಥವಾ ಬೋರ್ಡು ಹಾಗೇ ಇರಲಿ, ನಾನೇ ದೊಡ್ಡ ಕ್ಯಾಬಿನೆಟ್ ಕೊಂಡು ನಿಮ್ಮ ಮನೆಗೆ ಕಳಿಸುತ್ತೇನೆ. ನೀವು ಹೇಳಿದ ಹಾಗೆ. ನನ್ನ ತಕರಾರು ಏನೂ ಇಲ್ಲ.

ಬರೆದ ಮೇಲೆ ನೋಡಿದರೆ ನಗು ಬರುತ್ತಿದೆ. ಒಂದೂವರೆ ತಿಂಗಳು 'ನನಗೇ' ಅಂತ ಎಳೆದಾಡಿದೆವು, ಈಗ 'ನಿಮಗೇ ಇರಲಿ' ಅಂತ ತಳ್ಳಾಡುತ್ತಿದ್ದೇವೆ. ಕಂಪ್ಯೂಟರ್ ಮಾತ್ರ ಇನ್ನೂ ಟವೆಲ್ಲಿನಲ್ಲೇ ಇದೆ. ಮೇ ಹತ್ತಿರ ಬಂತು. ಅವಳು ಚಿತ್ರೀಕರಣ ಶುರು ಮಾಡಿದ್ದಾಳಾ ಅಂತ ಕೂಡ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಬರೆಯಿರಿ.

ಈ ವಾರ ಅವಳು ತುಂಬ ಒಳ್ಳೆಯವಳಾಗಿದ್ದಳು. ಹೇಳದೆಯೇ ಪಾತ್ರೆ ತೊಳೆದಿಟ್ಟಳು. ತನ್ನ ಬಟ್ಟೆಯನ್ನೆಲ್ಲ ಮಡಿಸಿಟ್ಟಳು. ನನಗೆ ಅದು ಯಾಕೋ ಸರಿ ಬರಲಿಲ್ಲ.

ಇತಿ,
ಸೊಳ್ಳೆಯ ಅಮ್ಮ


ಏಪ್ರಿಲ್ 20, ಭಾನುವಾರ

ಅಪ್ಪ, ಅಮ್ಮ ಇಬ್ಬರಿಗೂ,

ಇದನ್ನ ಎರಡು ಸಲ ಬರೆದಿದೀನಿ, ಒಬ್ಬೊಬ್ಬರಿಗೆ ಒಂದೊಂದು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ, ಬೇಕಾದ್ರೆ ಹೋಲಿಸಿ ನೋಡಿ.

ಮೊದಲನೇದು, ನಿಮ್ಮ ಕಾಗದ ಎಲ್ಲಾ ಓದಿದೀನಿ. ಟೇಪ್ ಅಷ್ಟು ಬಿಗಿಯಾಗಿ ಸುತ್ತದೇ ಇದ್ದಿದ್ರೆ ಓದ್ತಿರಲಿಲ್ವೇನೋ. ಅಮ್ಮ, ಆ ಟೇಪ್ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದ್ರೆ ಸಲೀಸಾಗಿ ಬರತ್ತೆ. ಬೈಯ್ಯೋದಿದ್ರೆ ಆಮೇಲೆ ಬೈಯಿರಿ.

ಎರಡನೇದು. ನಾನು ರೂಮು ಮಾಡಿದೀನಿ. ಕಾಲೇಜಿನ ಹಿಂದಿನ ಬೀದಿ, ಟೈಲರ್ ಅಂಗಡಿ ಮೇಲೆ. ನನ್ನ ಕ್ಲಾಸಿನವಳು ಒಬ್ಬಳು ಜೊತೆಗಿದ್ದಾಳೆ. ಅಂಗಡಿಯವರಿಗೆ, ಎದುರಿನ ಜಿಮ್‌ನವರಿಗೆ ಚಿಕ್ಕ ಚಿಕ್ಕ ವಿಡಿಯೊ ಎಡಿಟ್ ಮಾಡಿ ಕೊಡ್ತೀನಿ, ಬಾಡಿಗೇಲಿ ನನ್ನ ಪಾಲು ಅದರಲ್ಲೇ ಹುಟ್ಟತ್ತೆ. ಹೊಟ್ಟೆಪಾಡು ಅಂದಿದ್ದಕ್ಕೆ ನಕ್ಕಿದ್ರಲ್ಲಾ ಅಮ್ಮ.

ಮೂರನೇದು. ಸಾಮಾನೆಲ್ಲ ನನ್ನ ಹತ್ರ ಇದೆ. ಅಪ್ಪ ಕೆಲಸಕ್ಕೆ ಹೋದಾಗ ಬೋರ್ಡು, ಕಾರ್ಡು ಮತ್ತೆ ಪವರ್ ಸಪ್ಲೈ, ಅಮ್ಮ ಲ್ಯಾಬಿಗೆ ಹೋದಾಗ ಮಾನಿಟರ್. ಹೇಳಿದ್ರೆ ನೀವಿಬ್ರೂ ಇನ್ನೊಂದು ಕಾಗದ ಬರೀತಿದ್ರಿ, ನಾನೇ ಹೊತ್ಕೊಂಡು ಓಡಾಡಬೇಕಿತ್ತು. ಕಂಪ್ಯೂಟರಿಗೆ ಕ್ಯಾಬಿನೆಟ್ ಬೇಕೇ ಬೇಕು ಅಂತ ಇಲ್ಲ. ಒಂದು ಹಲಗೆ ಮೇಲೆ ಬೋರ್ಡು ಕೂರಿಸಿ, ಗೋಡೆಗೆ ಒರಗಿಸಿದೀನಿ. ಅಪ್ಪ ಕೊಯ್ದಿದ್ರಲ್ಲ, ಆ ಪೆಟ್ಟಿಗೆಯಿಂದ ಆನ್ ಮಾಡೋ ಬಟನ್ ಮಾತ್ರ ಕಿತ್ಕೊಂಡೆ. ಓಡ್ತಾ ಇದೆ. ಎಷ್ಟು ಚೆನ್ನಾಗಿ ಓಡ್ತಿದೆ ಅಂದ್ರೆ, ಸೇವ್ ಒತ್ತಿದ್ರೆ ನಾನು ಕುರ್ಚಿಯಿಂದ ಏಳೋಕೂ ಟೈಮ್ ಕೊಡಲ್ಲ. ಗೇಮೂ ಆಡಿದೆ. ನೀವಿಬ್ರೂ ಕೊಡಿಸಿದ್ದು ಒಂದೂ ತಪ್ಪು ಸಾಮಾನಲ್ಲ. ಥ್ಯಾಂಕ್ಸ್, ನಿಜವಾಗ್ಲೂ.

ಇದನ್ನ ಕೋಪದಲ್ಲಿ ಬರೀತಿಲ್ಲ. ಕೋಪ ಇತ್ತು, ಹೋಯ್ತು. ಒಬ್ರು ಬಿಟ್ಟುಕೊಟ್ಟಾಗ ಇನ್ನೊಬ್ರೂ ಬಿಟ್ಟುಕೊಟ್ರಲ್ಲ, ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಯಾಕಂದ್ರೆ ಅಷ್ಟು ಪ್ರೀತಿ ಇಟ್ಕೊಂಡು ನೀವು ಇಬ್ರೂ ಮಾತಾಡಿದ್ದು ತಗಡಿನ ಬಗ್ಗೆ. ಮತ್ತೆ ಅದನ್ನ ಹೊತ್ಕೊಂಡು ಹೋಗೋದು ನಾನು. ಭಾನುವಾರ ಅಂದ್ರೆ ನನಗೆ ಐದು ವರ್ಷದಿಂದ ಬಸ್ಸು. ಬಸ್ಸಿಂದ ಇಳಿದಾಗ ಯಾರಿಗೋ ಬೇಜಾರು ಮಾಡಿ ಬಂದಿದೀನಿ ಅಂತಲೇ ಅನ್ನಿಸ್ತಿತ್ತು, ಯಾವ ಕಡೆ ಇಳಿದ್ರೂ. ಅದು ಸಾಕಾಯ್ತು.

ಯಾವಾಗ ಬೇಕಾದ್ರೂ ಬನ್ನಿ. ರೂಮು ಚಿಕ್ಕದು, ಒಂದೇ ಸಲ ಬಂದ್ರೆ ಒಬ್ರು ಹಾಸಿಗೆ ಮೇಲೆ ಕೂರ್ಬೇಕು. ಬೀಗದ ಕೈ ಎರಡೂ ಬ್ಯಾಗಲ್ಲಿದೆ, ಎರಡು ಮನೆಯದ್ದೂ.

ನಿಮ್ಮ,
ಸೊಳ್ಳೆ


ಮೇ 8, ಗುರುವಾರ

ಸೊಳ್ಳೆಯ ಅಮ್ಮನಿಗೆ,

ಇದನ್ನು ಒಯ್ಯುವವರಿಲ್ಲ. ನಿಮ್ಮ ಬೀದಿಯ ಕೊನೆಯ ಕಟ್ಟಡದಲ್ಲಿ ಲಿಫ್ಟ್ ರಿಪೇರಿಗೆ ಬಂದಿದ್ದೆ, ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತೇನೆ. ನೀನು ಲ್ಯಾಬಿನಲ್ಲಿರುವ ಹೊತ್ತು.

ಅವಳ ರೂಮಿಗೆ ಹೋಗಿದ್ದೆ. ಕೆಳಗೆ ಹೊಲಿಗೆ ಮಶೀನುಗಳ ಸದ್ದು, ಮೇಲೆ ಇವಳದ್ದು. ಬೋರ್ಡು ಬೆತ್ತಲೆಯಾಗಿ ಗೋಡೆಗೆ ಒರಗಿ ನಿಂತಿದೆ, ಕಾರ್ಡು ಮುಂದಕ್ಕೆ ಚಾಚಿಕೊಂಡಿದೆ, ಕೆಳಗೆ ಒಂದು ಪುಸ್ತಕದ ಆಸರೆ ಕೊಟ್ಟಿದ್ದಾಳೆ. ಧೂಳು ಬೀಳುತ್ತದೆ. ಬಟ್ಟೆಯ ನೂಲು ಫ್ಯಾನಿಗೆ ಸಿಕ್ಕುತ್ತದೆ. ಪ್ಲಗ್ಗಿಗೆ ಅರ್ಥಿಂಗ್ ಇದೆಯೋ ಇಲ್ಲವೋ. ಹೇಳಬೇಕು ಅಂತ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಒಂದು ಹೇಳಿದರೆ ಹತ್ತು ಹೇಳುತ್ತಿದ್ದೆ.

ಕಿರುಚಿತ್ರ ತೋರಿಸಿದಳು. ಕೆಳಗಿನ ಟೈಲರ್ ಬಗ್ಗೆ. ಅವನು ಒಂದು ಕೋಟಿನ ತೋಳನ್ನು ಬಿಚ್ಚಿ ಮತ್ತೆ ಹೊಲಿಯುವುದು, ಅಷ್ಟೇ. ಮಾತಿಲ್ಲ. ನಮ್ಮ ಬಗ್ಗೆ ಏನಾದರೂ ಇರುತ್ತದೆ ಅಂತ ನಾನು ಕೊನೆಯವರೆಗೂ ಕಾದೆ. ಇರಲಿಲ್ಲ. ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ಆ ಟೈಲರ್ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಮನೆಯ ಮೇಜು ಹಾಗೇ ಇದೆ. ಅದರ ಮೇಲೆ ಈಗ ನನ್ನ ಟೂಲ್‌ ಬ್ಯಾಗು ಇಡುತ್ತೇನೆ. ಭಾನುವಾರಗಳು ಉದ್ದ.

ಇತಿ,
ಸೊಳ್ಳೆಯ ಅಪ್ಪ


ಮೇ 25, ಭಾನುವಾರ

ಸೊಳ್ಳೆಯ ಅಪ್ಪನಿಗೆ,

ಅಂಚೆಗೆ ಹಾಕುತ್ತಿದ್ದೇನೆ. ಟೇಪ್ ಇಲ್ಲ.

ನಿನ್ನೆ ನಾನೂ ಅವಳ ರೂಮಿಗೆ ಹೋಗಿದ್ದೆ. ಚಿತ್ರ ಕಳಿಸಿ ಆಯಿತಂತೆ. ನನಗೂ ತೋರಿಸಿದಳು. ನಿಮ್ಮ ಹಾಗೆ ನಾನೂ ಕಾದೆ. ಅದನ್ನು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. ಚಿತ್ರ ಕಳಿಸುವ ಹಿಂದಿನ ದಿನ ಕಂಪ್ಯೂಟರ್ ಆನ್ ಆಗಲಿಲ್ಲವಂತೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಇದನ್ನು ಅವಳು ಹೇಳಲಿಲ್ಲ, ಅವಳ ಗೆಳತಿ ಹೇಳಿದಳು. ಸೊಳ್ಳೆ ಅಳಲಿಲ್ಲವಂತೆ, ಯಾರನ್ನೂ ಬೈಯಲಿಲ್ಲವಂತೆ. ಒಂದೊಂದೇ ಬಿಚ್ಚಿ, ರ‍್ಯಾಮ್ ಹೊರಗೆ ತೆಗೆದು ಅದರ ಅಂಚನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಒತ್ತಿ ಕೂರಿಸಿದಳಂತೆ. ಆನ್ ಆಯಿತು. ಹಾಡು ಗುನುಗುತ್ತಾ ಕೆಲಸ ಮುಂದುವರಿಸಿದಳು ಅಂತ ಗೆಳತಿ ಹೇಳಿದಳು.

ನನಗೆ ಗೊತ್ತಾಗಬೇಕಾದ್ದು ಇಷ್ಟೇ. ಆ ದಿನ ಅವಳು ನಿಮಗೆ ಫೋನು ಮಾಡಿದ್ದಳಾ? ನನಗೆ ಮಾಡಲಿಲ್ಲ.

ಇತಿ,
ಸೊಳ್ಳೆಯ ಅಮ್ಮ


ಮೇ 29, ಗುರುವಾರ

ಸೊಳ್ಳೆಯ ಅಮ್ಮನಿಗೆ,

ನನಗೂ ಮಾಡಲಿಲ್ಲ.

ನಿನ್ನ ಕಾಗದ ಓದಿದಾಗ ಮೊದಲು ಸಮಾಧಾನವಾಯಿತು, ನಿನಗೂ ಮಾಡಿಲ್ಲವಲ್ಲ ಅಂತ. ಕೈಯಲ್ಲಿದ್ದ ಕಾಫಿ ಆರುವ ಮುಂಚೆಯೇ ಆ ಸಮಾಧಾನ ಹೋಯಿತು. ಐದು ವರ್ಷ ನಾನು ಅವಳನ್ನು ನಿನ್ನಿಂದ ಕಳೆದುಕೊಳ್ಳುತ್ತೇನೆ ಅಂತಲೇ ಹೆದರಿದ್ದೆ. ಬೇರೆ ದಾರಿಯಲ್ಲೂ ಕಳೆದುಕೊಳ್ಳಬಹುದು ಅಂತ ಯೋಚಿಸಲೇ ಇಲ್ಲ.

ರಬ್ಬರಿನಿಂದ ಉಜ್ಜುವುದು ಸರಿಯಾದ ಕೆಲಸವಂತೆ, ಅಂಗಡಿಯವನನ್ನು ಕೇಳಿದೆ. ನಾನಾಗಿದ್ದರೆ ಪವರ್ ಸಪ್ಲೈ ಬಿಚ್ಚುತ್ತಿದ್ದೆ. ನೀನಾಗಿದ್ದರೆ ಅಂಗಡಿಯ ಆ ಹೆಂಗಸಿನ ಜೊತೆ ಜಗಳಕ್ಕೆ ಹೋಗುತ್ತಿದ್ದೆ. ಸೊಳ್ಳೆ ಚೆನ್ನಾಗಿ ಬೆಳೆದಿದ್ದಾಳೆ. ನಿನ್ನನ್ನು ಬಿಟ್ಟು ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಬರೆಯಬೇಕಾದ್ದು ಏನೂ ಉಳಿದಿಲ್ಲ. ಆದರೂ ಬರೆ.

ಇತಿ,
ಸೊಳ್ಳೆಯ ಅಪ್ಪ